ಉಪ್ಪು ನೋಡುವ ನಾಲಿಗೆ

ಕಾರ್ಖಾನೆ ಕ್ಯಾಂಟೀನಿನ ಅಡುಗೆಯವನಿಗೆ ಉಪ್ಪು ನೋಡುವುದು ಉಸಿರಾಡಿದಷ್ಟೇ ಸಹಜ. ಸೌಟು ಕಂಡರೆ ಕೈ ಮುಂದೆ, ಕೈ ಮುಂದಾದರೆ ನಾಲಿಗೆ ಹೊರಗೆ. ಹೆಂಡತಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೂ ಅವತ್ತು ಅವಳು ಏಮಾರಿದಳು.

ಅವನ ಹೊಟ್ಟೆಯಲ್ಲಿ ಗಡ್ಡೆಯಿತ್ತು. ಬಾಯಿಂದ ಕೊಳವೆ ಇಳಿಸಿ ತೆಗೆದ ಚೂರಿನಲ್ಲಿ ಏನೂ ಸಿಕ್ಕಿರಲಿಲ್ಲ.

"ಗಡ್ಡೆ ಜಠರದ ಗೋಡೆಯೊಳಗೇ ಅವಿತಿದೆ, ಮೇಲ್ಮೇಲೆ ಚಿವುಟಿದ್ರೆ ಸಿಗಲ್ಲ. ಈ ಸಲ ಒಳಗಿಂದ್ಲೇ ಸ್ಕ್ಯಾನ್ ಮಾಡಿ ಸೂಜಿ ಹಾಕ್ತೀವಿ. ಯಾವ ಬಗೆಯದು ಅಂತ ತಿಳಿದ್ರೆ, ಪೂರ್ತಿ ಜಠರ ತೆಗೀಬೇಕೋ ಚೂರು ಸಾಕೋ ಹೇಳ್ಬಹುದು. ಖಾಲಿ ಹೊಟ್ಟೇಲಿ ಬನ್ನಿ," ಎಂದಿದ್ದರು ಡಾಕ್ಟರಮ್ಮ.

ಆ 'ಪೂರ್ತಿ' ಎಂಬ ಮಾತು ಹೆಂಡತಿಯ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ಪರೀಕ್ಷೆಯ ಬೆಳಿಗ್ಗೆ, "ಉಗ್ರಾಣದ ಬೀಗದ ಕೈ ಕೊಟ್ಟು ಬರ್ತೀನಿ" ಎಂದು ಅವನು ಕ್ಯಾಂಟೀನಿಗೆ ಹೋಗಿಬಂದ. ಆಸ್ಪತ್ರೆಯಲ್ಲಿ ನರ್ಸ್, "ಏನಾದ್ರೂ ತಿಂದ್ರಾ?" ಎಂದು ಕೇಳಿದಾಗ, "ದೇವರಾಣೆಗೂ ಇಲ್ಲ" ಎಂದ. ಹೆಂಡತಿ ತಿರುಗಿ ನೋಡಿದಳು. ಮೀಸೆಯ ತುದಿಯಲ್ಲಿ ಟೊಮೆಟೊ ಸಾರು ಕೆಂಪಗೆ ಹಲ್ಲು ಕಿರಿಯುತ್ತಿತ್ತು.

"ರೀ, ಇದೇನ್ರೀ?"

"ಉಪ್ಪು ನೋಡ್ದೆ ಕಣೆ. ಅದು ತಿಂದಂಗಾ?"

"ಯಾವ ಪಾತ್ರೇದು?"

"ಎಲ್ಲಾದ್ರದ್ದೂ..."

ಪರೀಕ್ಷೆ ಮುಂದಕ್ಕೆ ಹೋಯಿತು. ದಾರಿಯುದ್ದಕ್ಕೂ ಅವಳು ಬಾಯಿಗೆ ಬಂದಂತೆ ಬೈದಳು. ಮನೆಬಾಗಿಲಿಗೆ ಬಂದವಳು ಹೊಸ್ತಿಲ ಮೇಲೇ ಕೂತುಬಿಟ್ಟಳು.

"ನಿಮಗೇನಾದ್ರೂ ಆದ್ರೆ ನಾನಿನ್ಯಾರನ್ನ ಬೈಲಿ?"

ಅವನು ಮೀಸೆ ಒರೆಸಿಕೊಂಡು ತಲೆ ತಗ್ಗಿಸಿದ.

ಮುಂದಿನ ಸಲ ಬೀಗದ ಕೈ ಕೊಡಲು ಹಿಂದಿನ ದಿನವೇ ಅವಳು ಹೋದಳು. ಬೆಳಗಾಗುತ್ತಲೇ ಕಳ್ಳನನ್ನು ಹಿಡಿದಂತೆ ಗಂಡನ ರಟ್ಟೆ ಹಿಡಿದು ಆಸ್ಪತ್ರೆಗೆ ನಡೆಸಿದಳು. ಸೂಜಿ ಸರಿಯಾದ ಜಾಗಕ್ಕೇ ಬಿತ್ತು. ಅಪರೂಪದ ಗಡ್ಡೆ, ಹೊಟ್ಟೆಯ ಮಾಮೂಲಿ ಕ್ಯಾನ್ಸರ್ ಅಲ್ಲ. ಅದಿದ್ದ ಭಾಗವನ್ನಷ್ಟೇ ಕತ್ತರಿಸಿ, ಆಮೇಲೆ ದಿನಕ್ಕೊಂದು ಮಾತ್ರೆ ಎಂದರು.

ಆಪರೇಷನ್ ಮುಗಿದು ಬಾಯಿಗೆ ಆಹಾರ ಕೊಡುವ ದಿನ ಬಂತು. "ಸದ್ಯಕ್ಕೆ ಚಮಚ ಚಮಚ ಮಾತ್ರ. ಗಳಿಗೆಗೊಂದು ಗುಟುಕು," ಎಂದರು ಡಾಕ್ಟರಮ್ಮ.

"ಅಂದ್ರೆ ಉಪ್ಪು ನೋಡ್ಕೊಂಡೇ ಹೊಟ್ಟೆ ತುಂಬಿಸ್ಕೊಳ್ಳಿ ಅಂತೀರಿ!" ಅಡುಗೆಯವನ ಮುಖ ಅರಳಿತು.

ಹೆಂಡತಿ ಮನೆಯಿಂದ ತಂದ ಗಂಜಿಯನ್ನು ಚಮಚದಲ್ಲಿ ಬಾಯಿಗಿಟ್ಟಳು. ಅವನು ಚಪ್ಪರಿಸಿ ಹುಬ್ಬು ಗಂಟಿಕ್ಕಿದ.

"ಉಪ್ಪು ಕಮ್ಮಿ."

ಬೇರೆ ದಿನವಾಗಿದ್ದರೆ ಚಮಚ ಗೋಡೆಗೆ ಹಾರುತ್ತಿತ್ತು. ಅವಳು ಮುಂಗೈಯಿಂದ ಕಣ್ಣೊರೆಸಿಕೊಂಡಳು.

"ಹೇಳೋಕೆ ನೀವಿದ್ದೀರಲ್ಲ, ಸಾಕು. ತೆಪ್ಪಗೆ ನುಂಗಿ," ಎಂದು ಮತ್ತೊಂದು ಚಮಚ ತುಂಬಿದಳು.