ನೈಜೀರಿಯಾ ಮಾಸ್ತರ

ವೀಸಾ ಆಗಿರಲಿಕ್ಕಿಲ್ಲ ಎಂದುಕೊಳ್ಳುತ್ತ ಕಾಶಿರಾಮ ಕೆನ್ನೆಗೆ ಎರಡನೆಯ ಸಲ ಸೋಪು ಹಚ್ಚಿಕೊಂಡ. ಆಗಿದ್ದರೆ ಕಾಗದಪತ್ರ ನೋಡಿಕೊಳ್ಳುತ್ತಿದ್ದ ಸೈಫುದ್ದೀನ್ ಹಾಗೆಂದೇ ಹೇಳಿಕಳಿಸುತ್ತಿದ್ದ. 'ಪಾಸ್‌ಪೋರ್ಟ್ ಮುಂಬಯಿಯಿಂದ ವಾಪಸು ಬಂದಿದೆ, ಬಂದು ಒಯ್ಯಿರಿ' ಎಂದಷ್ಟೇ ನಿನ್ನೆ ಹುಮನಾಬಾದಿನಿಂದ ಬಂದ ಬಸ್ ಕಂಡಕ್ಟರನ ಬಾಯಲ್ಲಿ ಹೇಳಿಸಿದ್ದ. ವಾಪಸು ಎಂಬ ಶಬ್ದ ಕೇಳಿ ಕಾಶಿರಾಮನಿಗೆ ರಾತ್ರಿ ಒಳ್ಳೆಯ ನಿದ್ದೆ ಬಂದಿತ್ತು.

ಕನ್ನಡಿಯ ಮುಂದೆ ನಿರಾಶನಾದವನ ಮುಖವೊಂದನ್ನು ಮಾಡಿ ನೋಡಿದ. ಹುಬ್ಬು ತುಸು ಮೇಲೆ, ತುಟಿಯ ಒಂದು ಬದಿಗೆ ಸಣ್ಣ ನಗು. ದೊಡ್ಡದನ್ನು ಕಳೆದುಕೊಂಡೂ ಕುಗ್ಗದ ಮನುಷ್ಯನ ಮುಖ. ಚೆನ್ನಾಗಿಯೇ ಬಂತು. ನೊರೆ ಇಲ್ಲದಿದ್ದರೆ ಇನ್ನೂ ಗಂಭೀರವಾಗಿರುತ್ತಿತ್ತು.

ಒಳಗೆ ಹೆಂಡತಿ ಸುಮನಬಾಯಿ ರೊಟ್ಟಿ ಬಡಿಯುತ್ತಿದ್ದಳು.

"ಹುಮನಾಬಾದಿಗಿ ಹೊಂಟೀರಿ?"

"ಹೂಂ. ಸೈಫುದ್ದೀನ್ ಕರದಾನ."

"ಆಗ್ಯದಂತೇನು?"

"ಗೊತ್ತಿಲ್ಲ."

"ಆಗಿರ್ತದ ಬಿಡ್ರಿ." ಅವಳು ರೊಟ್ಟಿ ಮಗುಚಿ ಹಾಕಿದಳು. "ಮುಂದಿನ ಖೋಲಿ ಯುನೂಸಗ ಬಾಡಗಿ ಕೊಡ್ತೀನಂತ ಮಾತಾಡೀನಿ. ಹೊಲಿಗಿ ಮಷೀನ್ ಇಡ್ತಾನಂತ."

ಮುಂದಿನ ಖೋಲಿಯಲ್ಲಿ ಅವನ ಪುಸ್ತಕಗಳಿದ್ದವು, ಮೇಜಿತ್ತು. ಮೇಜಿನ ಮುಂದೆ ಕೂತು ಅವನು ಏನೂ ಮಾಡುತ್ತಿರಲಿಲ್ಲವಾದರೂ ಅಲ್ಲಿ ಕೂಡುತ್ತಿದ್ದುದಂತೂ ನಿಜ.

"ಅದು ನನ್ನ ಖೋಲಿ."

"ನೀವು ಇರಂಗಿಲ್ಲಲ್ಲ."

"ಆಗಿರದಿದ್ರ?"

ರೊಟ್ಟಿ ಬಡಿಯುವ ಸದ್ದು ನಿಂತಿತು. ಹೋಗಬೇಡಿ ಎನ್ನುತ್ತಾಳೆ, ಈಗ ಅನ್ನುತ್ತಾಳೆ ಎಂದುಕೊಂಡ ಕಾಶಿರಾಮ.

"ಹಂಗನ್ನಬ್ಯಾಡ್ರಿ," ಎಂದಳು ಅವಳು. "ಎರಡು ವರ್ಷ ಆತು, ದಿನಾ ನಿಮ್ಮನ್ನ ಕಳಿಸಿ ಕಳಿಸಿ ಸಾಕಾಗ್ಯದ ನನಗ. ಒಮ್ಮಿ ಹೋಗ್ರಿ."

ಮತ್ತೆ ಸದ್ದು ಶುರುವಾಯಿತು.

ಎಲ್ಲ ಶುರುವಾದದ್ದು ಒಂದು ಬಾಯಿಮಾತಿನಿಂದ. ಎಪ್ಪತ್ತೇಳರಲ್ಲಿ ಹೈಸ್ಕೂಲಿನ ಮಾಸ್ತರರ ಕೋಣೆಯಲ್ಲಿ ಯಾರೋ ಪೇಪರು ಓದುತ್ತ, ನೈಜೀರಿಯಾ ದೇಶಕ್ಕೆ ಇಂಗ್ಲಿಷ್ ಕಲಿಸುವವರು ಬೇಕಂತೆ ಎಂದಿದ್ದರು. "ನಾನು ಅರ್ಜಿ ಹಾಕ್ತೀನಿ" ಎಂದುಬಿಟ್ಟಿದ್ದ ಕಾಶಿರಾಮ. ಅಂದು ಇನ್‌ಸ್ಪೆಕ್ಟರರು ಎಲ್ಲರೆದುರು ಅವನ ಉಚ್ಚಾರಣೆ ತಿದ್ದಿದ್ದರು. ಏನಾದರೂ ದೊಡ್ಡದನ್ನು ಹೇಳಲೇಬೇಕಾಗಿತ್ತು. ಹೇಳಿದ ಮೇಲೆ ಹಾಕಬೇಕಾಯಿತು. ಹಾಕಿದ ಮೇಲೆ ಹೈದರಾಬಾದಿಗೆ ಕರೆದರು. ಸಂದರ್ಶನಕ್ಕೆ ಕೂತಿದ್ದ ನಿವೃತ್ತ ಪ್ರಿನ್ಸಿಪಾಲರು ಹೆಚ್ಚು ಹೊತ್ತು ತಮ್ಮ ಮಂಡಿನೋವಿನ ಬಗ್ಗೆಯೇ ಮಾತಾಡಿದರು. ಕಾಶಿರಾಮ ಸಹಾನುಭೂತಿಯಿಂದ ತಲೆಯಾಡಿಸಿದ. ಆಯ್ಕೆಯಾದ.

ಆಮೇಲೆ ಪಾಸ್‌ಪೋರ್ಟು, ಪೊಲೀಸರ ವಿಚಾರಣೆ, ಡಾಕ್ಟರ ಸರ್ಟಿಫಿಕೇಟು, ಕೊನೆಗೆ ವೀಸಾ. ವೀಸಾ ಮಾತ್ರ ಮುಂಬಯಿಯಲ್ಲಿ ಕೂತು ಏಳಲಿಲ್ಲ. ಅದು ಏಳದಿರುವುದರಲ್ಲಿ ತನ್ನ ಬಾಳಿನ ಅತ್ಯುತ್ತಮ ದಿನಗಳಿವೆ ಎಂಬುದು ಕಾಶಿರಾಮನಿಗೆ ಬೇಗನೆ ತಿಳಿಯಿತು. ತನ್ನೂರು ಕಲ್ಯಾಣದಲ್ಲಿ ಅವನಿಗೆ 'ನೈಜೀರಿಯಾ ಮಾಸ್ತರ' ಎಂಬ ಹೆಸರು ಬಿತ್ತು. ಕೋಟೆಯ ಮುಂದಿನ ಹೋಟೆಲಿನಲ್ಲಿ ಅವನಿಗೆ ಕುರ್ಚಿ ಬಿಟ್ಟುಕೊಡುತ್ತಿದ್ದರು. ಮನೆಯ ಮಾಳಿಗೆ ಸೋರಿದರೆ, ಹೇಗೂ ಹೋಗುವವನು. ಅಣ್ಣನೊಡನೆ ಹೊಲದ ಹಿಸ್ಸೆಯ ಮಾತು ಬಂದರೆ, ಹೇಗೂ ಹೋಗುವವನು. ಹೆಂಡತಿ ರಾತ್ರಿ ಏನೋ ಹೇಳಲು ಬಾಯಿ ತೆರೆದರೂ ಅದೇ. ಹೋಗುವವನು ಎಂಬುದು ಒಂದು ನೌಕರಿಯಾಗಿತ್ತು. ಪಾಠ ಹೇಳುವ ನೌಕರಿಗಿಂತ ಹಗುರ.

ಒಂದನೆಯ ಇಯತ್ತೆಯಲ್ಲಿ ಓದುವ ಮಗಳನ್ನು ಅಪ್ಪ ಎಲ್ಲಿರುತ್ತಾರೆ ಎಂದು ಶಾಲೆಯ ಬಾಯಿಯವರು ಕೇಳಿದಾಗ, "ಆಫ್ರಿಕಾದಾಗ" ಎಂದಿದ್ದಳಂತೆ. ಅಂದು ಅವಳಿಗೆ ಬುತ್ತಿ ಕಟ್ಟಿ ಶಾಲೆಗೆ ಮುಟ್ಟಿಸಿ ಬಂದವನು ಅವನೇ. ಈ ಮಾತನ್ನು ಹೋಟೆಲಿನಲ್ಲಿ ತಾನೇ ಹೇಳಿ ಎಲ್ಲರನ್ನೂ ನಗಿಸಿದ್ದ.

ಬಸ್ಸು ಹಿಡಿಯುವ ಮುಂಚೆ ರಜೆ ಕೇಳಲು ಶಾಲೆಗೆ ಹೋದಾಗ ಹೆಡ್‌ಮಾಸ್ತರ ಗುಲಾಮ್ ರಸೂಲ್ ಸಾಹೇಬರು ಎದ್ದು ನಿಂತು ಕೈ ಕುಲುಕಿದರು.

"ಮುಬಾರಕ್ ಮಾಸ್ತರ್."

"ಇನ್ನೂ ಗೊತ್ತಾಗಿಲ್ರಿ ಸಾಹೇಬ್."

"ಆಗ್ತದ, ಆಗ್ತದ. ಹತ್ತನೆ ಇಯತ್ತೆ ಹೊಸಬರಿಗಿ ಕೊಟ್ಟೀನಿ. ಹುಡುಗುರಿಗಿ ರೂಢಿ ಆಗ್ಲಿ ಅಂತ."

"ಯಾವಾಗ?"

"ಹೋದ ಸೋಮವಾರ. ಯಾಕ, ನಿಮಗ ಹೇಳಿದ್ದಿಲ್ಲೇನು?"

ಹೋದ ಸೋಮವಾರ ಹತ್ತನೆಯ ಇಯತ್ತೆಯ ಪಿರಿಯಡ್ಡಿನಲ್ಲಿ ತಾನು ಎಲ್ಲಿದ್ದೆ ಎಂದು ಕಾಶಿರಾಮ ನೆನಪಿಸಿಕೊಳ್ಳಲು ನೋಡಿದ. ಹೋಟೆಲಿನಲ್ಲಿದ್ದ. ನೈಜೀರಿಯಾದ ಕಾನೋ ಪಟ್ಟಣದ ಹವಾಮಾನದ ಬಗ್ಗೆ ಹೇಳುತ್ತಿದ್ದ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಹುಮನಾಬಾದು ಬರುವವರೆಗೂ ಅವನು, ವೀಸಾ ಆಗಲಿಲ್ಲವೆಂದು ಊರಲ್ಲಿ ಹೇಳಬೇಕಾದ ಭಾಷಣವನ್ನು ತಿದ್ದುತ್ತಲೇ ಇದ್ದ. ಸರಕಾರಗಳ ಜಗಳ, ಏನು ಮಾಡುವುದು. ಅವರಿಗೇ ನಷ್ಟ. ಇಲ್ಲ, ಅವರಿಗೇ ನಷ್ಟ ಎನ್ನಬಾರದು, ನಗುತ್ತಾರೆ. ನಮ್ಮ ಊರಿನ ಹುಡುಗರಿಗೇ ಕಲಿಸುವುದು ನನ್ನ ಹಣೆಬರಹ ಎನ್ನಬಹುದು. ಅದರಲ್ಲಿ ತ್ಯಾಗದ ವಾಸನೆಯಿದೆ. ಹತ್ತನೆಯ ಇಯತ್ತೆಯನ್ನು ವಾಪಸು ಕೇಳಲಿಕ್ಕೂ ಅನುಕೂಲ.

ಸೈಫುದ್ದೀನನ ಅರಿವೆ ಅಂಗಡಿ ಹುಮನಾಬಾದಿನ ಬಜಾರಿನಲ್ಲಿತ್ತು. ಅವನ ತಮ್ಮ ಮುಂಬಯಿಯಲ್ಲಿದ್ದು ಹೊರದೇಶಕ್ಕೆ ಹೋಗುವವರ ಕಾಗದಪತ್ರಗಳನ್ನು ಕಚೇರಿಯಿಂದ ಕಚೇರಿಗೆ ತಿರುಗಿಸುತ್ತಿದ್ದ. ಸೈಫುದ್ದೀನ್ ಗಿರಾಕಿಗೆ ಸೀರೆ ಬಿಚ್ಚಿ ತೋರಿಸುತ್ತಿದ್ದವನು, ಒಂದು ಕೈಯಲ್ಲಿ ಸೆರಗು ಹಿಡಿದೇ ಇನ್ನೊಂದು ಕೈಯಿಂದ ಗಲ್ಲಾದೊಳಗಿನ ಪಾಸ್‌ಪೋರ್ಟು ತೆಗೆದುಕೊಟ್ಟ.

"ನೋಡ್ರಿ ಮಾಸ್ತರ. ಹತ್ತನೆ ಪಾನಾ."

ಕಾಶಿರಾಮ ಆ ಪುಟ ತೆರೆದ. ಮುದ್ರೆಯಿತ್ತು. ನೀಲಿ ಶಾಯಿ ಒಂದು ಮೂಲೆಯಲ್ಲಿ ಮಸುಕಾಗಿತ್ತು, ಅದರ ಮೇಲೆ ಯಾರದೋ ಅವಸರದ ಸಹಿ. ಅವನ ಹೆಸರು ಸರಿಯಾಗಿತ್ತು. ತಪ್ಪಿರಬಹುದೇ ಎಂದು ಒಂದೊಂದೇ ಅಕ್ಷರ ಓದಿದ. ಒಂದೂ ತಪ್ಪಿರಲಿಲ್ಲ.

ಬೆಳಗಿನಿಂದ ತಯಾರು ಮಾಡಿದ ಮುಖ ತಾನಾಗಿಯೇ ಬಂದುಬಿಟ್ಟಿತು. ಹುಬ್ಬು ಮೇಲೆ, ತುಟಿಯ ಬದಿಗೆ ನಗು.

"ಯಾಕ್ರಿ, ಖುಷಿ ಇಲ್ಲೇನು?"

"ಆಗ್ಯದ. ಭಾಳ ಆಗ್ಯದ."

"ಮೂರು ತಿಂಗಳದಾಗ ಹೋಗಬೇಕ್ರಿ. ಇಲ್ಲಾಂದ್ರ ರದ್ದು."

"ಹೌದು?"

"ಹೌದ್ರಿ. ಆದ್ರ ನೀವ್ಯಾಕ ತಡ ಮಾಡ್ತೀರಿ."

ಕಾಶಿರಾಮ ಪುಟ ಹಿಂದೆ ತಿರುವಿ ತನ್ನ ಫೋಟೋ ನೋಡಿದ. ಎರಡು ವರ್ಷದ ಹಿಂದೆ ತೆಗೆಸಿದ್ದು. ಕಾಲರು ಬಿಗಿದುಕೊಂಡು, ಕಣ್ಣು ಅರಳಿಸಿಕೊಂಡು ಒಬ್ಬ ಮನುಷ್ಯ ಕೂತಿದ್ದ. ಅವನು ಹೋಗಬಹುದಾಗಿತ್ತು. ವೀಸಾ ಅವನಿಗೇ ಬಂದಿದೆ, ನನಗಲ್ಲ ಎಂದು ಕಾಶಿರಾಮನಿಗೆ ಅನಿಸಿತು. ಅನಿಸಿದ್ದನ್ನು ಸೈಫುದ್ದೀನನಿಗೆ ಹೇಳಿದರೆ ಬೆಪ್ಪನಂತೆ ಕಾಣುತ್ತೇನೆ ಎಂದೂ ಅನಿಸಿತು.

ಸೈಫುದ್ದೀನ್ ಗಿರಾಕಿಯನ್ನು ಕಳಿಸಿ, ಚಹಾ ಕುಡಿಸಲು ಬಸ್ ನಿಲ್ದಾಣದ ಎದುರಿನ ಹೋಟೆಲಿಗೆ ಕರೆದುಕೊಂಡು ಹೋದ. ಹೋಟೆಲಿನ ಮುಂದೆ ಜನ ನೆರೆದಿದ್ದರು. ಹೆದ್ದಾರಿಯ ಬದಿಗೆ ಬಣ್ಣ ಬಳಿದ ಹಳೆಯ ವ್ಯಾನೊಂದು ನಿಂತಿತ್ತು. ಗಡ್ಡದ ಬಿಳಿಯ ಹುಡುಗನೊಬ್ಬ, ಲುಂಗಿ ಸುತ್ತಿಕೊಂಡ ಬಿಳಿಯ ಹುಡುಗಿಯೊಬ್ಬಳು. ಹುಡುಗ ಏನೋ ಕೇಳುತ್ತಿದ್ದ. ಜನ ನಗುತ್ತಿದ್ದರು.

"ಸರೀರಿ, ಸರೀರಿ," ಎಂದು ಸೈಫುದ್ದೀನ್ ದಾರಿ ಮಾಡಿದ. "ನಮ್ಮ ಮಾಸ್ತರ ಬಂದಾರ. ಇಂಗ್ಲಿಷ್ ಕಲಿಸಾಕ ಆಫ್ರಿಕಾಕ್ಕ ಹೊಂಟವ್ರು. ಇವತ್ತೇ ವೀಸಾ ಆಗ್ಯದ."

ಜನ ಸರಿದರು. ಕಾಶಿರಾಮ ತಾನು ಮುಂದೆ ನಿಂತಿರುವುದನ್ನು ಕಂಡ. ಹನ್ನೊಂದು ವರ್ಷದಿಂದ ಇಂಗ್ಲಿಷ್ ಕಲಿಸುತ್ತಿದ್ದ ಅವನು ಆ ಭಾಷೆ ಹುಟ್ಟಿನಿಂದ ಬಂದ ಒಬ್ಬನನ್ನೂ ಈವರೆಗೆ ಎದುರಿಗೆ ಕಂಡಿರಲಿಲ್ಲ. ಕಾಣುವ ಅಗತ್ಯವೂ ಬಿದ್ದಿರಲಿಲ್ಲ.

ಹುಡುಗ ಅವನ ಕಡೆ ತಿರುಗಿ ಮಾತಾಡಿದ. ಮಾತು ಜಾರಿಹೋಯಿತು. ಎಲ್ಲಿ ಒಂದು ಶಬ್ದ ಮುಗಿದು ಇನ್ನೊಂದು ಶುರುವಾಗುತ್ತದೆ ಎಂಬುದೇ ತಿಳಿಯಲಿಲ್ಲ. ಬಾಯಿ ತುಂಬ ನೀರಿಟ್ಟುಕೊಂಡು ಹಾಡಿದಂತಿತ್ತು. ಕಾಶಿರಾಮ ಗಂಟಲು ಸರಿಮಾಡಿಕೊಂಡು, ತಾನು ಈ ಜಿಲ್ಲೆಯ ಶಿಕ್ಷಕನೆಂದೂ ಅತಿಥಿಗಳನ್ನು ಕಂಡು ಸಂತೋಷವಾಗಿದೆಯೆಂದೂ ಕರ್ತೃ, ಕ್ರಿಯಾಪದ, ಕರ್ಮಗಳನ್ನು ಅವುಗಳ ಜಾಗದಲ್ಲಿಟ್ಟು ಹೇಳಿದ. ಹುಡುಗ ತಲೆ ಓರೆ ಮಾಡಿ ಕೇಳಿದ. ಆಮೇಲೆ ಅದೇ ಪ್ರಶ್ನೆಯನ್ನು, ಕಿವುಡರಿಗೆ ಕೇಳುವಂತೆ, ನಿಧಾನವಾಗಿ ಮತ್ತೆ ಕೇಳಿದ. ನಿಧಾನವಾದಾಗ ಅದು ಇನ್ನೂ ವಿಚಿತ್ರವಾಗಿ ಕೇಳಿಸಿತು.

ಹಿಂದೆ ಜನ ಉಸಿರು ಹಿಡಿದು ನಿಂತಿದ್ದರು.

"ಎಸ್," ಎಂದ ಕಾಶಿರಾಮ.

ಹುಡುಗ ಹುಡುಗಿಯನ್ನು ನೋಡಿದ. ಹುಡುಗಿ ಮತ್ತೇನೋ ಕೇಳಿದಳು. ಅವಳ ಮುಖದಲ್ಲಿ ಚಿಂತೆಯಿತ್ತು.

"ಎಸ್, ಎಸ್," ಎಂದ ಕಾಶಿರಾಮ, ಇನ್ನಷ್ಟು ಗಟ್ಟಿಯಾಗಿ.

ಇಬ್ಬರೂ ಕೈ ಮುಗಿದು, ಅವಸರವಸರವಾಗಿ ವ್ಯಾನು ಹತ್ತಿ, ಬಂದ ದಾರಿಯಲ್ಲೇ ತಿರುಗಿಸಿಕೊಂಡು ಹೋದರು.

"ಏನ್ ಕೇಳಿದ್ರು ಮಾಸ್ತರ?" ಎಂದ ಹೋಟೆಲಿನ ಅಲ್ಲಾಬಕ್ಷ.

"ದಾರಿ."

"ಎಲ್ಲಿದು?"

"ಮುಂದಿಂದು."

"ಮತ್ತ ಹಿಂದಕ ಹೋದ್ರಲ್ಲ."

"ಅವ್ರ ಮರ್ಜಿ," ಎಂದ ಕಾಶಿರಾಮ. ಜನ ನಕ್ಕರು. ಸೈಫುದ್ದೀನ್ ಅವನ ಬೆನ್ನು ತಟ್ಟಿ, ಫಟಾಫಟ್ ಮಾತಾಡಿದ್ರಿ, ಆಫ್ರಿಕಾ ನಿಮ್ದೇ ಎಂದ. ಚಹಾ ಬಂತು. ಯಾರೋ ಬೆಂಚಿನ ಮೇಲೆ ಜಾಗ ಬಿಟ್ಟರು. ಕಾಶಿರಾಮ ಬಸಿಯಲ್ಲಿ ಸುರಿದುಕೊಂಡು ಕುಡಿದ. ಏನು ಕೇಳಿರಬಹುದು? ಮುಂದೆ ಸೇತುವೆ ಕುಸಿದಿದೆಯೇ ಎಂದೇ? ಊರಲ್ಲಿ ಕಾಲರಾ ಇದೆಯೇ ಎಂದೇ? ಇಬ್ಬರು ಮನುಷ್ಯರು ನೂರಾರು ಮೈಲಿ ಬಂದ ದಾರಿಯನ್ನು ಅವನ ಒಂದು ಶಬ್ದ ನಂಬಿ ಹಿಂದಕ್ಕೆ ಹೋಗುತ್ತಿದ್ದರು. ಅವರು ತನ್ನ ಮೊದಲ ವಿದ್ಯಾರ್ಥಿಗಳು ಎಂದುಕೊಂಡ. ನಗು ಬಂತು. ನಗು ಬಂದದ್ದು ಸೈಫುದ್ದೀನನಿಗೆ ಸಮಾಧಾನ ತಂದಿತು. ಕೊನೆಗೂ ಮಾಸ್ತರರಿಗೆ ಖುಷಿಯಾಯಿತು ಎಂದುಕೊಂಡಿರಬೇಕು.

ಸಂಜೆಯ ಬಸ್ಸು ಅರ್ಧ ಖಾಲಿಯಿತ್ತು. ಪಕ್ಕದಲ್ಲಿ ಕಲ್ಯಾಣದ ಅಂಬುಬಾಯಿ ಎಂಬ ಮುದುಕಿ ಕೂತಿದ್ದಳು, ಗುರುತಿನವಳು.

"ಇನ್ನಾ ಹೋಗಿಲ್ಲೇನಪಾ ನೀ?" ಎಂದಳು.

"ಇಲ್ಲ, ಆಯಿ."

"ಹೋಗೀದಿ ಅಂತಿದ್ರು."

ಅವನು ಕಿಟಕಿಯ ಹೊರಗೆ ನೋಡಿದ. ಮನೆಗೆ ಹೋಗಿ ಹೇಳಬೇಕಾದ ಮಾತುಗಳನ್ನು ಜೋಡಿಸಲು ನೋಡಿದ. 'ಆಗ್ಯದ' ಎಂದರೆ ಸುಮನ 'ಹೌದೇನು' ಎನ್ನುತ್ತಾಳೆ, ಯುನೂಸನಿಗೆ ಹೇಳಿಕಳಿಸುತ್ತಾಳೆ. 'ಆಗಿಲ್ಲ' ಎಂದು ಸುಳ್ಳು ಹೇಳಿದರೆ? ಪಾಸ್‌ಪೋರ್ಟು ಹರಿದು ತೊಗರಿ ಹೊಲದಲ್ಲಿ ಎಸೆದರೆ? ಆಗ ಅವನು ಹೋಗುವವನಾಗಿ ಉಳಿಯುವುದಿಲ್ಲ, ಇರುವವನಾಗುತ್ತಾನೆ. ಇರುವುದು ಹೇಗೆಂದು ಎರಡು ವರ್ಷದಲ್ಲಿ ಮರೆತುಹೋಗಿತ್ತು. ಮೊದಲಾದರೂ ಗೊತ್ತಿತ್ತೇ ಎಂದು ಯೋಚಿಸಿ, ಯೋಚನೆಯನ್ನು ಅಲ್ಲಿಗೇ ಬಿಟ್ಟ.

ನಡುದಾರಿಯ ರಾಜೇಶ್ವರ ಊರು ಇನ್ನೂ ದೂರವಿರುವಾಗ ಬಸ್ಸು ಕೆಮ್ಮಿ ನಿಂತಿತು. ಡ್ರೈವರ್ ಕೀಲಿ ತಿರುವಿದ, ಮತ್ತೆ ತಿರುವಿದ.

"ಸೆಲ್ಫ್ ತಗೋವಲ್ದು. ಗಂಡಸ್ರು ಇಳದು ಒಂದೀಟು ದಬ್ಬ್ರಿ."

ಕಾಶಿರಾಮ ಚೀಲವನ್ನು ಸೀಟಿನ ಮೇಲಿಟ್ಟು ಇಳಿದ. ಪಾಸ್‌ಪೋರ್ಟು ಚೀಲದಲ್ಲಿತ್ತು. ಇನ್ನೂ ಏಳೆಂಟು ಜನ ಇಳಿದರು. ಎಲ್ಲರೂ ಬಸ್ಸಿನ ಬೆನ್ನಿಗೆ ಅಂಗೈ ಕೊಟ್ಟರು. ತಗಡು ಬಿಸಿಯಾಗಿತ್ತು. ಎಡಕ್ಕೊಬ್ಬನ ಹೆಗಲು, ಬಲಕ್ಕೊಬ್ಬನ ಹೆಗಲು ತಾಗುತ್ತಿದ್ದವು. ಬೆವರಿನ, ತಂಬಾಕಿನ ವಾಸನೆ. ಯಾರೋ ಕೂಗು ಕೊಟ್ಟರು, ಅವನೂ ದನಿಗೂಡಿಸಿದ. ಬಸ್ಸು ಅಲುಗಿತು. ಇಡೀ ದಿನದಲ್ಲಿ ಮೊದಲ ಸಲ ಅವನ ತಲೆಯಲ್ಲಿ ಯಾವ ಮಾತೂ ಇರಲಿಲ್ಲ.

ಬಸ್ಸು ಹೂಂಕರಿಸಿ ಜಗ್ಗಿಕೊಂಡು ಹೊರಟಿತು.

"ನಿಲ್ಲಸಂಗಿಲ್ಲ, ನಿಂತ್ರ ಮತ್ತ ಬಂದ್ ಬೀಳ್ತದ," ಎಂದು ಕಂಡಕ್ಟರ್ ಬಾಗಿಲಲ್ಲಿ ನಿಂತು ಕೂಗಿದ. "ಓಡಿ ಹತ್ರಿ."

ಎಡಗಡೆಯವನು ಓಡಿದ, ಬಲಗಡೆಯವನು ಓಡಿದ. ಧೋತರದ ಚುಂಗು ಎತ್ತಿಕೊಂಡು ಒಬ್ಬ ಮುದುಕನೂ ಓಡಿ, ಕಂಡಕ್ಟರನ ಕೈ ಹಿಡಿದು ಏರಿದ. ಒಬ್ಬೊಬ್ಬರನ್ನೇ ಬಾಗಿಲು ಒಳಗೆ ಎಳೆದುಕೊಂಡಿತು. ಹಿಂದಿನ ಕಿಟಕಿಯಲ್ಲಿ ಅಂಬುಬಾಯಿ ಅವನ ಚೀಲವನ್ನು ಎತ್ತಿ ಹಿಡಿದು ಅಲ್ಲಾಡಿಸುತ್ತ ಏನೋ ಹೇಳುತ್ತಿದ್ದಳು. ಬಾಯಿ ಮಾತ್ರ ಕಾಣುತ್ತಿತ್ತು, ಮಾತು ಕೇಳಿಸುತ್ತಿರಲಿಲ್ಲ.

ಬಸ್ಸು ಇನ್ನೂ ನಿಧಾನವಾಗಿಯೇ ಇತ್ತು. ನಾಲ್ಕು ಹೆಜ್ಜೆ ಜೋರಾಗಿ ಹಾಕಿದರೆ ಸಿಗುತ್ತಿತ್ತು. ಓಡಬೇಕು ಎಂಬುದು ಕಾಶಿರಾಮನಿಗೆ ಸ್ಪಷ್ಟವಾಗಿ ಗೊತ್ತಿತ್ತು. ಧೂಳು ಬಂದು ಅವನನ್ನು ಮುಚ್ಚಿತು, ಮತ್ತೆ ಮೆಲ್ಲಗೆ ಕೆಳಗಿಳಿಯಿತು. ರಸ್ತೆಯ ನಡುವೆ ಅವನು ನಿಂತೇ ಇದ್ದ: ಮೈ ಮುಂದಕ್ಕೆ ಬಾಗಿ, ತೋಳು ಎರಡೂ ಚಾಚಿ, ಮಸಿ ಹತ್ತಿದ ಅಂಗೈಗಳನ್ನು ಎದುರಿನ ಬಯಲಿಗೆ ಒತ್ತಿ ಹಿಡಿದು.