ನಾನೇ ಮಾಡಿದ್ದು

ಹುಡುಗಿ ಮನೆಗೆ ಬಂದ ಮೇಲೆ ಅಲ್ಲಿ ಯಾವ ತಪ್ಪೂ ಅನಾಥವಾಗಿ ಉಳಿಯಲಿಲ್ಲ.

ಹಾಲು ಉಕ್ಕಿ ಒಲೆಯ ಮೇಲೆ ಹರಿದರೆ "ನಾನೇ ಮಾಡಿದ್ದು" ಎನ್ನುತ್ತಿದ್ದಳು. ಒಣಹಾಕಿದ ಟವೆಲು ಗಾಳಿಗೆ ಹಾರಿ ಪಕ್ಕದ ಮನೆಯ ತಾರಸಿಗೆ ಬಿದ್ದರೂ ಅವಳೇ. ಒಂದು ಸಂಜೆ ಕರೆಂಟು ಹೋಯಿತು. ಹೆಂಡತಿ ಮೇಣದಬತ್ತಿಗೆ ತಡಕಾಡುತ್ತಿದ್ದಾಗ ಮೂಲೆಯಿಂದ ಸಣ್ಣ ದನಿ ಬಂತು.

"ತಪ್ಪಾಯ್ತು. ನಾನೇ."

"ಅಯ್ಯೋ ನನ್ನ ಬಂಗಾರ, ಇಡೀ ಬೀದಿ ಕರೆಂಟು ತೆಗೆಯೋ ಶಕ್ತಿ ಇದ್ಯಾ ನಿಂಗೆ? ಹಾಗಾದ್ರೆ ನಾಳೆ ಸ್ಕೂಲಿಗೂ ನೀನೇ ರಜೆ ಕೊಟ್ಬಿಡು," ಎಂದು ಹೆಂಡತಿ ನಕ್ಕಳು.

ಗಂಡನಿಗೆ ನಗು ಬರಲಿಲ್ಲ. ಕತ್ತಲಲ್ಲಿ ಹುಡುಗಿಯೂ ನಗಲಿಲ್ಲವೆಂದು ಹೇಗೋ ಗೊತ್ತಾಯಿತು.

ಏಳು ವರ್ಷದ ಮಗು. ಗಂಡ ಹೆಂಡತಿ ಇಬ್ಬರೂ ಮಕ್ಕಳಿಗಾಗಿ ಬೇಡಿ, ಬೇಡುವುದನ್ನೇ ಬಿಟ್ಟು, ಕೊನೆಗೆ ಒಂದು ಅನಾಥಾಶ್ರಮದಿಂದ ದತ್ತು ತಂದಿದ್ದರು. ಬಂದ ದಿನವೇ ಅಪ್ಪ, ಅಮ್ಮ ಎಂದು ಕರೆದಳು, ಯಾರೋ ದಾರಿಯಲ್ಲಿ ಹೇಳಿಕೊಟ್ಟ ಹಾಗೆ, ಒಂದಿಷ್ಟೂ ಎಡವದೆ. ಚರ್ಚಿನಲ್ಲಿ ಎಲ್ಲರೂ ಅವನ ಕೈ ಕುಲುಕಿ, ದೇವರು ನಿಮ್ಮ ಮೊರೆ ಕೇಳಿದ ಎಂದರು. ಅವನೂ ಹೌದೆಂದ. ಅವನ ಭಕ್ತಿ ಅಂಥದ್ದು, ಹೌದೆನ್ನುವ ಭಕ್ತಿ. ಹುಟ್ಟಿನಿಂದ ಬಂದದ್ದು, ಇಸ್ತ್ರಿ ಮಾಡಿಟ್ಟ ಅಂಗಿಯಂತೆ ಭಾನುವಾರಕ್ಕೊಮ್ಮೆ ತೊಡುವಂಥದ್ದು. ನಮ್ಮ ತಪ್ಪನ್ನೆಲ್ಲ ತನ್ನ ಮೇಲೆ ಹಾಕಿಕೊಂಡು ಯೇಸು ಸತ್ತ ಎಂಬ ಮಾತನ್ನು ಎಷ್ಟು ಸಲ ಹೇಳಿದ್ದನೋ, ಅದು ನಾಲಿಗೆಗೆ ತಾಗುವುದೇ ಗೊತ್ತಾಗದಷ್ಟು ಸವೆದಿತ್ತು.

ಅವರ ಮನೆಯಲ್ಲೊಂದು ರೂಢಿ. ಊಟಕ್ಕೆ ಕೂರುವ ಮುಂಚೆ ಮೇಜಿನ ಸುತ್ತ ನಿಂತು ಪ್ರಾರ್ಥನೆ. ಪ್ರಾರ್ಥನೆಯ ಕೊನೆಗೆ ಒಬ್ಬೊಬ್ಬರೂ ಅವತ್ತಿನ ತಮ್ಮದೊಂದು ತಪ್ಪನ್ನು ಬಾಯಿಬಿಟ್ಟು ಹೇಳಬೇಕು. ಅವನ ತಾಯಿಯ ಕಾಲದಿಂದ ನಡೆದುಕೊಂಡು ಬಂದದ್ದು. ಗಂಡ ಹೆಂಡತಿ ವರ್ಷಗಟ್ಟಲೆ ಸಣ್ಣಪುಟ್ಟದ್ದನ್ನೇ ಹೇಳಿ ಮುಗಿಸುತ್ತಿದ್ದರು. ಬಸ್ಸಿನಲ್ಲಿ ಸಿಡುಕಿದೆ, ಫೋನು ಬಂದರೂ ಎತ್ತಲಿಲ್ಲ. ಹುಡುಗಿ ಮಾತ್ರ ಉಸಿರು ತೆಗೆದುಕೊಳ್ಳದೆ ಹೇಳುತ್ತ ಹೋಗುತ್ತಿದ್ದಳು. ಅದರಲ್ಲಿ ಅರ್ಧಕ್ಕರ್ಧ ಅವಳು ಮಾಡದ್ದು.

"ಸುಳ್ಳು ಹೇಳೋ ಚಾಳಿ ಇದೆ ಇವಳಿಗೆ," ಎಂದ ಅವನು, ಅಡುಗೆಮನೆಯಲ್ಲಿ.

"ತಪ್ಪಿಸ್ಕೊಳ್ಳೋಕೆ ಸುಳ್ಳು ಹೇಳೋ ಮಕ್ಕಳನ್ನ ಕಂಡಿದೀನಿ ರೀ. ಸಿಕ್ಕಿಹಾಕ್ಕೊಳ್ಳೋಕೆ ಹೇಳೋದು ಇದೇ ಮೊದಲು."

"ಕೇಳಿ ನೋಡೋಣ್ವಾ?"

"ಕೇಳಿ. ನೀವು ಕೇಳಿದ್ದೂ ತನ್ನದೇ ತಪ್ಪು ಅಂತಾಳೆ."

ಅವನು ಕೇಳಲಿಲ್ಲ. ಕೇಳದೆ ಬಿಡುವುದು ಅವನಿಗೆ ಸುಲಭವಾಗಿ ಬರುತ್ತಿತ್ತು.

ಅವನು ಕೆಲಸ ಮಾಡುತ್ತಿದ್ದ ಕನ್ನಡಕದ ಅಂಗಡಿ ಹೆಂಡತಿಯ ಅಣ್ಣನದು. ಭಾವ ಮುಂದಿನ ಕೋಣೆಯಲ್ಲಿ, ಕನ್ನಡಿ ಹಚ್ಚಿದ ಕಪಾಟುಗಳ ನಡುವೆ ಕೂತು ಗಿರಾಕಿಗಳನ್ನು ಮಾತಾಡಿಸುತ್ತಿದ್ದ. ಇವನು ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮೇಜಿನಲ್ಲಿ ಗಾಜು ಉಜ್ಜುತ್ತಿದ್ದ. ಗಾಜಿನ ನಡುವೆ ಚುಕ್ಕೆಯಿಟ್ಟು, ಎಡ ಬಲದ ಗುರುತು ಹಾಕಿ, ನೀರು ತೊಟ್ಟಿಕ್ಕುವ ಸಾಣೆಗೆ ಅಂಚು ಕೊಟ್ಟು, ಫ್ರೇಮಿನ ಅಳತೆಗೆ ತಂದು ಕೂರಿಸಬೇಕು. ಈಚೆಗೆ ಆ ಗುರುತು ಅವನ ಕಣ್ಣಿಗೆ ಮಸುಕಾಗಿತ್ತು. ಗಾಜನ್ನು ದೂರ ಹಿಡಿಯುತ್ತಿದ್ದ, ಇನ್ನೂ ದೂರ. ಕೈ ಸಾಲದಾದಾಗ ಅಂದಾಜಿಗೆ ಬಿಡುತ್ತಿದ್ದ. ಇದನ್ನು ಯಾರಿಗೂ ಹೇಳಿರಲಿಲ್ಲ. ಹೀಗೆ ಮಾಡಿದ ಒಂದೆರಡು ಕನ್ನಡಕ ಆಗಲೇ ವಾಪಸು ಬಂದಿದ್ದವು.

"ಇನ್ನೊಂದ್ಸಲ ಹೀಗಾದ್ರೆ ಆ ಮೇಜಿಗೆ ಬೇರೆಯವರನ್ನ ಕೂರಿಸ್ತೀನಿ ಕಣಯ್ಯ. ತಂಗಿ ಗಂಡ ಗಿಂಡ ಅಂತ ನೋಡಲ್ಲ," ಎಂದಿದ್ದ ಭಾವ, ನಗುತ್ತಲೇ. ನಗುತ್ತ ಹೇಳಿದ್ದನ್ನು ಮಾಡಿಯೇ ತೀರುವ ಮನುಷ್ಯ ಅವನು. ಇವನಿಗೋ ಆ ಮೇಜು ಬಿಟ್ಟರೆ ಬೇರೆ ಕೆಲಸ ಬಾರದು.

ಶಾಲೆ ಬಿಟ್ಟ ಮೇಲೆ ಹುಡುಗಿ ಅಂಗಡಿಗೆ ಬಂದು, ಮುರಿದ ಫ್ರೇಮುಗಳ ಡಬ್ಬಿ ಮುಂದಿಟ್ಟುಕೊಂಡು ನೆಲದ ಮೇಲೆ ಕೂರುತ್ತಿದ್ದಳು. ಅವತ್ತೂ ಹಾಗೆ ಕೂತಿದ್ದಾಗ ಸಂಗೀತ ಕಲಿಸುವ ಟೀಚರೊಬ್ಬರು ಹೊಸ ಕನ್ನಡಕ ಕೈಯಲ್ಲಿ ಹಿಡಿದು ಬಂದರು.

"ಏನಪ್ಪಾ ಇದು! ಹಾಕ್ಕೊಂಡ್ರೆ ಮೆಟ್ಟಿಲೇ ಎದ್ದು ಬಂದು ನಮಸ್ಕಾರ ಮಾಡತ್ತೆ. ಸ್ವಲ್ಪದ್ರಲ್ಲಿ ಬಿದ್ದೇಬಿಡ್ತಿದ್ದೆ."

ಭಾವ ಅದನ್ನು ಪವರು ಅಳೆಯುವ ಯಂತ್ರದಲ್ಲಿಟ್ಟು ನೋಡಿದ. ಎಡಗಣ್ಣಿನ ಗಾಜು ಬಲಕ್ಕೆ ಕೂತಿತ್ತು, ಬಲದ್ದು ಎಡಕ್ಕೆ. ದುಂಡು ಫ್ರೇಮು; ಯಾವುದನ್ನು ಎಲ್ಲಿಟ್ಟರೂ ಒಪ್ಪುತ್ತದೆ. ಭಾವ ಬಂದು ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತ. ಈ ಸಲ ನಗುತ್ತಿರಲಿಲ್ಲ.

"ಯಾರು ಮಾಡಿದ್ದು ಇದನ್ನ?"

ಒಬ್ಬನೇ ಕೆಲಸ ಮಾಡುವ ಕೋಣೆಯಲ್ಲಿ ಅದು ಪ್ರಶ್ನೆಯೇ ಅಲ್ಲ. ಅವನು ಬಾಯಿ ತೆರೆದ. ಸಾಣೆಯ ಮೇಲೆ ನೀರು ತೊಟ್ಟಿಕ್ಕುತ್ತಿತ್ತು.

"ನಾನೇ ಮಾಡಿದ್ದು ಮಾವ." ಹುಡುಗಿ ಎದ್ದು ನಿಂತಿದ್ದಳು. "ಅಪ್ಪ ಆಚೆ ಹೋಗಿದ್ರು. ತಟ್ಟೇಲಿದ್ದ ಗಾಜು ಎತ್ತಿ ನೋಡ್ದೆ. ಇಡೋವಾಗ ಅದಲು ಬದಲಾಯ್ತು. ತಪ್ಪಾಯ್ತು."

ಭಾವನ ಮುಖ ಸಡಿಲವಾಯಿತು. "ಓಹೋ, ಕಳ್ಳಿ ಇಲ್ಲಿದಾಳೆ!" ನೋಯದ ಹಾಗೆ ಅವಳ ಕಿವಿ ಹಿಡಿದ. "ಇನ್ನು ಆ ಮೇಜಿನ ಹತ್ರ ಸುಳಿದ್ರೆ ನೋಡು, ನಿನ್ನ ಮೂಗಿಗೇ ಸಾಣೆ ಹಿಡಿದುಬಿಡ್ತೀನಿ." ಟೀಚರು, "ಹೋಗ್ಲಿ ಬಿಡಿ, ಮಗು ಎಷ್ಟು ಚೆನ್ನಾಗಿ ನಿಜ ಹೇಳ್ತು," ಎಂದು ಅವಳ ಕೆನ್ನೆ ಸವರಿದರು.

ಅವನು ಬಾಯಿ ಮುಚ್ಚಿದ. ನಿರಾಳವಾಯಿತು. ಆ ನಿರಾಳವನ್ನು ಅವನು ಮೊದಲು ಗುರುತಿಸಿದ. ಅದು ಯಾರ ಕೈಯಿಂದ ಬಂತೆಂಬುದನ್ನು ಆಮೇಲೆ.

ಇಬ್ಬರೂ ಮನೆಯ ದಾರಿ ಹಿಡಿದರು. ಬಸ್ ನಿಲ್ದಾಣ ದಾಟಿದ ಮೇಲೆ ಅವನು ಕೇಳಿದ.

"ಯಾಕೆ ಹಾಗಂದೆ? ನೀನು ಆ ಗಾಜನ್ನ ಮುಟ್ಟೇ ಇಲ್ಲ."

ಇಷ್ಟೂ ತಿಳಿಯದೇ ಎನ್ನುವಂತೆ ಅವಳು ತಲೆಯೆತ್ತಿ ನೋಡಿದಳು. "ಆಶ್ರಮದಲ್ಲಿ ಏನಾದ್ರೂ ತಪ್ಪಾದ್ರೆ, ಯಾರಾದ್ರೂ ಒಪ್ಕೊಂಡ ಮೇಲೇನೇ ಊಟ ಬಡಿಸೋದು. ಅಲ್ಲೀವರ್ಗೂ ಎಲ್ರೂ ನಿಂತೇ ಇರ್ಬೇಕು. ಸಣ್ಣವು ಹಸಿವು ಅಂತ ಅಳ್ತವೆ. ಅದಕ್ಕೆ ನಾನು ಒಪ್ಕೊಳ್ತಿದ್ದೆ."

"ಯಾವಾಗ್ಲೂ ನೀನೇನಾ?"

"ನಂಗೆ ಅಳು ಬರಲ್ಲ, ಅದಕ್ಕೆ."

"ಹೊಡೀತಿದ್ರಾ?"

"ಆಮೇಲೆ ಊಟ ಸಿಗ್ತಿತ್ತಲ್ಲ," ಎಂದಳು. ಸ್ವಲ್ಪ ದೂರ ನಡೆದ ಮೇಲೆ, "ಎಲ್ರಿಗೂ," ಎಂದು ಸೇರಿಸಿದಳು.

ಅವನಿಗೆ ಸಿಟ್ಟು ಬಂತು, ಯಾರ ಮೇಲೆಂದು ತಿಳಿಯಲಿಲ್ಲ. ನಮ್ಮ ತಪ್ಪನ್ನು ತನ್ನ ಮೇಲೆ ಹಾಕಿಕೊಂಡವನು. ಸವೆದುಹೋಗಿದ್ದ ಆ ಮಾತು ಈಗ ಮೀನಿನ ಮುಳ್ಳಿನಂತೆ ಗಂಟಲಲ್ಲಿ ಅಡ್ಡ ನಿಂತಿತು. ಅದು ಹೀಗಿರುತ್ತದೆಯೇ? ಒಬ್ಬರು ಎದ್ದು ನಿಲ್ಲುತ್ತಾರೆ, ಇನ್ನೊಬ್ಬರು ಬಾಯಿ ಮುಚ್ಚುತ್ತಾರೆ, ಅಷ್ಟೇನೇ? ಇಷ್ಟು ವರ್ಷ ತಾನು ಭಕ್ತಿ ಎಂದುಕೊಂಡದ್ದು ಬರೀ ಆ ನಿರಾಳವೇ? ಮಗುವಿನ ಕೈಯಿಂದ ತೆಗೆದುಕೊಂಡರೆ ನಾಚಿಕೆಯಾಗುವ ವಸ್ತುವನ್ನು ದೇವರ ಕೈಯಿಂದ ಹಾಡಿಕೊಂಡು ತೆಗೆದುಕೊಂಡದ್ದು ಹೇಗೆ? ಇವಳು ಮಾಡಿದ್ದು ಪುಣ್ಯವೋ, ಸುಳ್ಳೋ, ಇನ್ನೂ ಮಾಯದ ಗಾಯವೋ? ಗಾಜನ್ನು ದೂರ ಹಿಡಿದಂತೆ ಒಂದೊಂದನ್ನೂ ದೂರ ಹಿಡಿದು ನೋಡಿದ. ಒಂದೂ ತಿಳಿಯಾಗಲಿಲ್ಲ.

ಊಟದ ಹೊತ್ತಿಗೆ ಮೂವರೂ ಮೇಜಿನ ಸುತ್ತ ನಿಂತರು. ಹೆಂಡತಿ ತರಕಾರಿಯವಳ ಮೇಲೆ ರೇಗಿದ್ದನ್ನು ಹೇಳಿದಳು. ಆಮೇಲೆ ಹುಡುಗಿ ಕಣ್ಣು ಮುಚ್ಚಿ ಕೈ ಜೋಡಿಸಿದಳು.

"ದೇವರೇ, ಇವತ್ತು ಮಾವನ ಅಂಗಡೀಲಿ ಗಾಜು ಅದಲು ಬದಲು ಮಾಡಿದ್ದು..."

ಭಾವ ನಂಬಿಯಾಗಿತ್ತು. ಟೀಚರು ನಂಬಿಯಾಗಿತ್ತು. ದೇವರೊಬ್ಬ ಉಳಿದಿದ್ದ. ಇನ್ನೊಂದು ಮಾತು ಅವಳ ಬಾಯಿಂದ ಬಂದರೆ ಅಂಗಡಿಯ ಮೇಜು ಅವನದೇ, ಹುಡುಗಿ ಮಾತ್ರ ಅಲ್ಲಿಯೇ, ಆಶ್ರಮದ ಆ ಹಸಿದ ಮಕ್ಕಳ ಸಾಲಿನಲ್ಲಿಯೇ ನಿಂತಿರುತ್ತಾಳೆ.

"ನಿಲ್ಲಿಸು," ಎಂದ. ದನಿ ಜೋರಾಯಿತು.

"ರೀ!" ಎಂದಳು ಹೆಂಡತಿ. ಆ ಮನೆಯಲ್ಲಿ ಪ್ರಾರ್ಥನೆಯನ್ನು ಯಾರೂ ತಡೆದದ್ದಿಲ್ಲ.

"ಅದು ನಾನು ಮಾಡಿದ್ದು." ದೇವರಿಗೆ ಹೇಳುತ್ತಿದ್ದಾನೋ ಹೆಂಡತಿಗೋ ಅವನಿಗೇ ತಿಳಿಯಲಿಲ್ಲ. "ನಂಗೆ ಹತ್ರದ್ದು ಕಾಣಲ್ಲ. ತುಂಬ ದಿನ ಆಯ್ತು. ಗುರುತು ಕಾಣದೆ ಅಂದಾಜಿಗೆ ಕೂರಿಸ್ದೆ. ನಿಮ್ಮಣ್ಣ ಬಂದು ಕೇಳಿದಾಗ ಇವಳು ಒಪ್ಕೊಂಡ್ಳು, ನಾನು ಸುಮ್ನಿದ್ದೆ. ಆಶ್ರಮದಲ್ಲಿ ಯಾರಾದ್ರೂ ತಪ್ಪೊಪ್ಕೊಂಡ್ರೆ ಮಾತ್ರ ಊಟ ಬಡಿಸ್ತಿದ್ರಂತೆ ಕಣೇ. ಮಿಕ್ಕವರ ಹೊಟ್ಟೆ ತುಂಬ್ಲಿ ಅಂತ ಇವಳು ಒಪ್ಕೊಳ್ತಿದ್ಳಂತೆ."

ಹುಡುಗಿ ಕಣ್ಣು ತೆರೆದಿದ್ದಳು. ಕೊಟ್ಟಿದ್ದನ್ನು ಯಾರೋ ಕಿತ್ತುಕೊಂಡಂತೆ ಅವಳ ಮುಖ ಬಿಗಿದಿತ್ತು.

"ಹಾಗಾದ್ರೆ ಇಲ್ಲಿ ನನ್ನ ಕೆಲಸ ಏನು?" ಎಂದಳು.

ಅವನು ಹೆಂಡತಿಯ ಕಡೆ ನೋಡಿದ. ಅವಳು ಪಾತ್ರೆಯ ಮುಚ್ಚಳ ತೆಗೆದಳು. ಪ್ರಾರ್ಥನೆ ಮುಗಿದಿರಲಿಲ್ಲ, ಆಮೆನ್ ಅಂದಿರಲಿಲ್ಲ. ಹುಡುಗಿಯ ತಟ್ಟೆಗೆ ಬಡಿಸಿದಳು. ಕುರ್ಚಿ ಎಳೆದು, ಹೆಗಲು ಒತ್ತಿ ಅವಳನ್ನು ಕೂರಿಸಿದಳು. ಆಮೇಲೆ ಅವನ ತಟ್ಟೆಗೂ ಬಡಿಸಿದಳು, ಅವನ ಮುಖ ನೋಡದೆ.

"ಉಣ್ಣಿ," ಎಂದಳು. "ಆರಿಹೋಗತ್ತೆ."

ಅವನು ಕೂತ. ತುತ್ತು ಬಾಯಿಗಿಟ್ಟ. ತನ್ನನ್ನು ಕ್ಷಮಿಸಲಾಯಿತೋ, ಬರೀ ಊಟ ಹಾಕಲಾಯಿತೋ ತಿಳಿಯಲಿಲ್ಲ. ಅವೆರಡರ ನಡುವೆ ಎಷ್ಟು ಅಂತರವಿದೆಯೆಂದೂ ತಿಳಿಯಲಿಲ್ಲ. ಒಳಗೊಳಗೇ ಯಾರನ್ನೋ ಕರೆಯುತ್ತಿದ್ದ. ಕಲಿತ ಮಾತು ಒಂದೂ ನೆನಪಿಗೆ ಬಾರದೆ ಅವನು ದೇವರನ್ನು ಕರೆದದ್ದು ಬಹುಶಃ ಅದೇ ಮೊದಲು.

ಮರುದಿನ ಅಂಗಡಿ ತೆರೆಯುವಾಗಲೇ ಭಾವನಿಗೆ ಹೇಳಿದ. ಭಾವ ಕೈಯಲ್ಲಿದ್ದ ಬೀಗವನ್ನು ತಿರುಗಿಸುತ್ತ ಪೂರ್ತಿ ಕೇಳಿಸಿಕೊಂಡ.

"ಮಗು ಮೇಲೆ ಹಾಕಿದ್ಯಲ್ಲೋ."

"ಹಾಕ್ಲಿಲ್ಲ ಭಾವ. ಅವಳೇ ತಗೊಂಡ್ಳು. ನಾನು ತಡೀಲಿಲ್ಲ."

"ಎರಡ್ರಲ್ಲಿ ಯಾವ್ದು ಕೆಟ್ಟದ್ದು?"

"ಗೊತ್ತಿಲ್ಲ."

ಭಾವ ಅವನನ್ನು ಕಣ್ಣು ಪರೀಕ್ಷಿಸುವ ಕುರ್ಚಿಯಲ್ಲಿ ಕೂರಿಸಿದ. ಸಣ್ಣ ಅಕ್ಷರದ ಹಾಳೆ ಮುಂದೆ ಹಿಡಿದು, ಗಾಜಿನ ಮೇಲೆ ಗಾಜು ಬದಲಿಸುತ್ತ ಹೋದ. "ಊರಿಗೆಲ್ಲ ಕನ್ನಡಕ ಮಾಡೋನಿಗೆ ತಾನು ಹಾಕ್ಕೊಳ್ಳೋಕೆ ಏನ್ ಬಂದಿತ್ತು ರೋಗ?" ಎಂದು ಬೈದ. ಕೊನೆಗೆ, ಗಾಜುಗಳನ್ನು ಪೆಟ್ಟಿಗೆಗೆ ಸೇರಿಸುವಾಗ, ತಗ್ಗಿದ ದನಿಯಲ್ಲಿ ಹೇಳಿದ. "ಮೇಜು ಬಿಡು. ಮುಂದೆ ನಿಂತು ಗಿರಾಕಿಗಳನ್ನ ನೋಡ್ಕೊ. ಆ ಟೀಚರಿಗೂ ನೀನೇ ಹೋಗಿ ಹೇಳು."

ಟೀಚರಿಗೆ ಹೋಗಿ ಹೇಳಿದ. ಹಿಂದಿನ ಕೋಣೆಯಲ್ಲಿ ಇನ್ನಾರೋ ಸಾಣೆ ಹಿಡಿಯುವ ಸದ್ದು ಕೇಳುತ್ತ, ಮುಂದಿನ ಕೋಣೆಯಲ್ಲಿ ಕಪಾಟು ಒರೆಸುತ್ತ ನಿಲ್ಲುವುದನ್ನು ಕಲಿಯತೊಡಗಿದ.

ಭಾನುವಾರ ಚರ್ಚಿನಲ್ಲಿ ಹುಡುಗಿ ಇಬ್ಬರ ನಡುವೆ ನಿಂತಿದ್ದಳು. ಹೊಸ ಕನ್ನಡಕದಲ್ಲಿ ಪ್ರಾರ್ಥನೆಯ ಪುಸ್ತಕದ ಅಕ್ಷರಗಳು ಬೇಡವೆನಿಸುವಷ್ಟು ಕಪ್ಪಾಗಿ ಕಂಡವು. ಎಲ್ಲರೂ ಕೂಡಿ ಓದುತ್ತ ಆ ಮಾತಿಗೆ ಬಂದರು, ನಮ್ಮ ತಪ್ಪನ್ನು ಹೊತ್ತವನ ಮಾತಿಗೆ. ಅವನ ಬಾಯಿ ಕಟ್ಟಿತು. ಸುತ್ತಲಿನ ದನಿಗಳು ಅದನ್ನು ದಾಟಿ ಮುಂದೆ ಹೋದವು, ಓದಿ ಮುಗಿಸಿದವು, ನಿಂತವು. ಆ ಮೌನದಲ್ಲಿ ಅವನ ಬಾಯಿಂದ ಅದು ತಡವಾಗಿ, ಒಂಟಿಯಾಗಿ, ಅರ್ಧ ಒಡೆದು ಬಂತು. ಮುಂದಿನ ಸಾಲಿನಲ್ಲಿ ಒಂದಿಬ್ಬರು ತಿರುಗಿ ನೋಡಿದರು.

ಹುಡುಗಿ ಅವನ ತೋಳು ಎಳೆದಳು. ಅವನು ಬಗ್ಗಿದ.

"ಅಪ್ಪ, ತಪ್ಪಾಯ್ತಾ?" ಎಂದು ಪಿಸುಗುಟ್ಟಿದಳು. "ನಾನು ಅಂತ ಹೇಳ್ಲಾ?"

"ಬೇಡ ಪುಟ್ಟಿ," ಎಂದ. "ನಾನೇ."

ಅವಳು ಅವನ ಕನ್ನಡಕವನ್ನೂ, ತಿರುಗಿ ನೋಡಿದವರನ್ನೂ ನೋಡಿ ಯೋಚಿಸಿದಳು. ಆಮೇಲೆ, ಅಷ್ಟೇನೂ ಇಷ್ಟವಿಲ್ಲದೆ, ಸುಮ್ಮನಾದಳು.