ಲೆಕ್ಕಕ್ಕಿಲ್ಲದ ಅಲುಗಾಟ

ಅಲುಗಿತು, ಇಲ್ಲ, ಅಲುಗಿದ್ದು ಪರದೆಯ ನೆರಳು, ಗಾಳಿಗೆ ಪರದೆ ಉಬ್ಬಿ ನೆರಳು ಅಕ್ಕನ ಕೈಮೇಲೆ ಹಾದುಹೋಯಿತು, ಅಷ್ಟೇ, ಆದರೆ ಕಿರುಬೆರಳು ಹೊದಿಕೆಯಿಂದ ಮೇಲೆದ್ದದ್ದು ನೆರಳಿಗೆ ಮೊದಲೋ ಆಮೇಲೋ, ಮಂಚದ ಪಕ್ಕ ಕೂತ ತಂಗಿಗೆ ತಿಳಿಯದು, ಹನ್ನೊಂದು ದಿನದಿಂದ ಎಚ್ಚರವಿಲ್ಲದೆ ಮಲಗಿದ ಅಕ್ಕನನ್ನು ನೋಡಿ ನೋಡಿ ಈಗ ಗೋಡೆಯೂ ಅಲುಗಿದಂತೆ ಕಾಣುತ್ತದೆ — ಡಾಕ್ಟರು ನಾಲ್ಕಕ್ಕೆ ಬರುತ್ತಾರೆ, ತಾನಾಗಿ ಒಂದ್ಸಲ ಅಲುಗಿದ್ರೂ ಸಾಕಮ್ಮ, ಚಿಕಿತ್ಸೆ ಮುಂದುವರಿಸ್ತೀವಿ, ಇಲ್ಲಾಂದ್ರೆ ನಾಳೆ ಮನೆಗೆ ಕರ್ಕೊಂಡು ಹೋಗಿ, ಅಂದಿದ್ದರು, ಮನೆಗೆ ಅಂದರೆ ಏನೆಂದು ಅವಳು ಕೇಳಲಿಲ್ಲ. ಮಂಚದ ಮೇಲ್ಗಡೆ ಕ್ಯಾಮೆರಾ, ಮುಖ್ಯವಾದ ಚಲನೆ ಕಂಡರೆ ಅದು ಕೂಗಬೇಕು, ಕೂಗಿಲ್ಲ, ಹೇಗೆ ಕೂಗೀತು, ಡಬ್ಬಿಯ ಮೇಲೆ ಅವಳ ಆಫೀಸಿನದೇ ಗುರುತು, ಮೂರು ವರ್ಷ ಅದಕ್ಕೆ ನೋಡಲು ಕಲಿಸಿದವಳು ಅವಳೇ, ವಿಡಿಯೊದಲ್ಲಿ ನಡೆಯುವವರ ಸುತ್ತ, ಬೀಳುವವರ ಸುತ್ತ ಹಸಿರು ಚೌಕ ಎಳೆದು, ಎಲೆ, ಪರದೆ, ಉಸಿರಿಗೆ ಏರಿಳಿಯುವ ಹೊದಿಕೆ ಎಲ್ಲಕ್ಕೂ ಬೇಡ ಎಂಬ ಗುಂಡಿ ಒತ್ತಿದವಳು, ಮನುಷ್ಯರ ಕಣ್ಣು ಎಲ್ಲಾನೂ ನೋಡಲ್ಲ ಮೇಡಂ, ಬೇಕಾದ್ದನ್ನಷ್ಟೇ ಹೆಕ್ಕುತ್ತೆ, ನೀವು ನೋಡೋ ಹಾಗೇ ಅದಕ್ಕೂ ಕಲಿಸಿ, ಎಂದಿದ್ದಳು ಮೇಲ್ವಿಚಾರಕಿ, ಅಕ್ಕನಿಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಬೇಡ ಬೇಡ ಅನ್ನೋಕೆ ಸಂಬಳ ಕೊಡ್ತಾರೇನೇ ನಿಂಗೆ, ನಿಮ್ಮ ಭಾವನಿಗೆ ಮೂವತ್ತು ವರ್ಷದಿಂದ ಪುಕ್ಕಟೆ ಹೇಳ್ತಿದ್ದೀನಲ್ಲೇ ನಾನು — ಆ ನಗು ಎಲ್ಲಿ ಹೋಯಿತು, ಕಿರುಬೆರಳು, ಬಿಳಿ ಹೊದಿಕೆ, ಒಂದು ದಿನ ಆಫೀಸಿನಲ್ಲಿ ಇಂಥದೇ ವಿಡಿಯೊ ತುಣುಕು ಬಂದಿತ್ತು, ಯಾರದೋ ಮಂಚ, ಯಾರದೋ ಬೆರಳು, ಮಿಡಿಯಿತೋ ಇಲ್ಲವೋ, ಎರಡು ಸಲ ನೋಡಿದಳು, ಊಟಕ್ಕೆ ಹೊತ್ತಾಗಿತ್ತು, ಬೇಡ ಒತ್ತಿದಳು, ಆ ಯಾರದೋ ಮಂಚದ ಪಕ್ಕ ತಂಗಿ ಇದ್ದಳೇ, ಇಂಥ ಎಷ್ಟು ಬೆರಳು ಒತ್ತಿ ಹಾಕಿದಳೋ, ಲೆಕ್ಕ ಇಟ್ಟವರಾರು.

ಎದ್ದು ಕಿಟಕಿ ಮುಚ್ಚಿದಳು, ಫ್ಯಾನು ನಿಲ್ಲಿಸಿದಳು, ಪರದೆ ಜೋತುಬಿತ್ತು, ಅಕ್ಕಾ, ಒಂದೇ ಒಂದು ಸಲ ಕಣೇ, ನೆರಳಿಲ್ಲ ಈಗ, ಉಸಿರು ಬಿಗಿ ಹಿಡಿದು ನೋಡುತ್ತಾಳೆ, ಕಿರುಬೆರಳು, ಬಿಳಿ ಹೊದಿಕೆ, ನೀರು ತುಂಬಿದ ಕಣ್ಣಿಗೆ ಎಲ್ಲವೂ ತೇಲುತ್ತದೆ, ತೇಲುವುದೂ ಚಲನೆಯೇ, ಬಾಗಿಲು ಸದ್ದಾಯಿತು, ನರ್ಸು, ಹಿಂದೆ ಡಾಕ್ಟರು, ಯಂತ್ರ ಏನೂ ತೋರಿಸಿಲ್ಲ ಸಾರ್, ಡಾಕ್ಟರು ಅವಳತ್ತ ತಿರುಗಿದರು, ನೀವೇನಾದ್ರೂ ನೋಡಿದ್ರೇನಮ್ಮಾ, ನೋಡಿದೆನೇ, ಬೇಕಾದ್ದನ್ನಷ್ಟೇ ಹೆಕ್ಕುವ ಕಣ್ಣಲ್ಲವೇ ಇದು, ನೋಡಿದೆ, ಎಂದುಬಿಟ್ಟಿತು ಬಾಯಿ, ನಾನು ನೋಡಿದೆ ಡಾಕ್ಟ್ರೇ, ಬರೆದುಕೊಳ್ಳಿ — ಅವರು ಬಗ್ಗಿದರು, ಅವಳೂ ಬಗ್ಗಿದಳು, ಕಿರುಬೆರಳು, ಬಿಳಿ ಹೊದಿಕೆ, ನಡುವೆ ಕೂದಲೆಳೆಯಷ್ಟು ಬೆಳಕು, ಕಿರುಬೆರಳು —